ಉಜ್ಜಿದ ತಗಡು

ತಾಂಡ್ಯದ ಕಾರ್ಖಾನೆಯಲ್ಲಿ ತಾಮ್ರ, ಅಲ್ಯೂಮಿನಿಯಂ ತಗಡುಗಳನ್ನು ರೋಲರಿನಲ್ಲಿ ಒತ್ತಿ ಒಂದು ಮಾಡುವ ಆಪರೇಟರ್ ಒಬ್ಬರಿದ್ದರು. ನಾನು ಅವರ ಸೂಪರ್‌ವೈಸರ್. ತಂತಿ ಬ್ರಷ್ಷಿನಿಂದ ಉಜ್ಜಿದ ತಗಡನ್ನು ಗಾಳಿಗೆ ಬಿಟ್ಟರೆ ಒಂದಕ್ಕೊಂದು ಅಂಟುವುದಿಲ್ಲ. ಹಾಗಾಗಿ ಊಟದ ಗಂಟೆ ಹೊಡೆದರೂ ಅವರು ಕದಲುತ್ತಿರಲಿಲ್ಲ. "ಉಜ್ಜುದ್ ಮೇಲೆ ಕಾಯಂಗಿಲ್ಲ ಸಾ," ಎನ್ನುವರು.

ಒಂದು ದಿನ ನರಸೀಪುರದ ಆಸ್ಪತ್ರೆಯಿಂದ ಫೋನ್ ಬಂತು. ಅವರ ಹೆಂಡತಿ ಉಳಿಯುವಂತಿಲ್ಲ, ತಕ್ಷಣ ಕಳಿಸಿ ಎಂದರು. ತಗಡುಗಳು ಆಗಷ್ಟೇ ಉಜ್ಜಿ ಸಿದ್ಧವಾಗಿದ್ದವು. ಕೊನೆಯ ಜೋಡಿ ರೋಲರ್ ದಾಟಿದ ಮೇಲೆ ಅವರಿಗೆ ಹೇಳಿದೆ.

"ಫೋನ್ ಯಾವಾಗ ಬಂತು ಸಾ?"

"ಉಜ್ಜಿದ ಮೇಲೆ."

ಅವರು ತಲೆಯಾಡಿಸಿ ಹೊರಟರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ತಿಥಿ ಕಳೆದು ಮರಳಿದವರು ಮೊದಲಿನಂತೆಯೇ ಉಜ್ಜತೊಡಗಿದರು. ಊಟದ ಗಂಟೆ ಹೊಡೆಯಿತು. ಉಜ್ಜಿದ ತಗಡನ್ನು ಹಾಗೇ ಬಿಟ್ಟು, ನನ್ನ ಮುಂದೆಯೇ ಊಟಕ್ಕೆ ಎದ್ದು ಹೋದರು.