ಜಾಗ ಬೇಡವೆಂದ ಡ್ರಿಲ್ ಮೇಷ್ಟ್ರು

ಅವರ ಬೆರಳ ಸಂದುಗಳಲ್ಲಿ ಯಾವಾಗಲೂ ಸುಣ್ಣ ಇರುತ್ತಿತ್ತು. ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ. ಎಷ್ಟು ತೊಳೆದರೂ ಹೋಗದೆ, ಚರ್ಮ ಬಿರಿದು, ಅವರ ಅಂಗೈ ಮುಟ್ಟಿದರೆ ಉಪ್ಪುಕಾಗದ ಮುಟ್ಟಿದಂತಾಗುತ್ತಿತ್ತು. ವಾರವಿಡೀ ಮಧುಗಿರಿಯ ಹೈಸ್ಕೂಲು ಮೈದಾನದಲ್ಲಿ ಓಟದ ಗೆರೆ ಎಳೆಯುತ್ತಿದ್ದ ಡ್ರಿಲ್ ಮೇಷ್ಟ್ರು, ಭಾನುವಾರ ಬಂತೆಂದರೆ ಚರ್ಚಿನ ಹಿಂದಿನ ಬಯಲಲ್ಲಿ ಅದೇ ಸುಣ್ಣದಿಂದ, ಯೆಹೂದ್ಯರು ದಾಟಿದ ಯೊರ್ದನ್ ಹೊಳೆ ಎಳೆಯುತ್ತಿದ್ದರು. ಸಂಡೆ ಸ್ಕೂಲಿನ ಹದಿನೈದು ಮಕ್ಕಳು ನಾವು ಹೊಳೆಯ ಈಚೆಗೆ ಸಾಲಾಗಿ ನಿಲ್ಲಬೇಕು. ಯಾವನಾದರೂ ಕಾಲು ಮುಂದಿಟ್ಟನೋ, ಸೀಟಿ ಕಿರ್ ಎನ್ನುತ್ತಿತ್ತು.

"ಲೇ, ಹೊಳೆ ತುಳೀಬ್ಯಾಡ ಕಣ್ಲಾ! ಇನ್ನೂ ನೀರು ಇಬ್ಭಾಗ ಆಗಿಲ್ಲ!"

ಮೇಷ್ಟ್ರಿಕೆಗೆ ಬರುವ ಮುಂಚೆ ಅವರು ಮಿಲಿಟರಿಯಲ್ಲಿದ್ದವರು. ಯೆಹೂದ್ಯರ ಯುದ್ಧಗಳೆಲ್ಲ ಅವರಿಗೆ ಬಾಯಿಪಾಠ. ಗಿದ್ಯೋನನು ಸಾವಿರಾರು ಜನರನ್ನು ಮನೆಗೆ ಕಳಿಸಿ ಮುನ್ನೂರೇ ಮುನ್ನೂರು ಜನರನ್ನು ಉಳಿಸಿಕೊಂಡ ಕತೆಯನ್ನು, ತಾವೇ ನಿಂತು ಆಳು ಆರಿಸಿದವರಂತೆ ಹೇಳುತ್ತಿದ್ದರು. ಯೆರಿಕೋ ಪಟ್ಟಣದ ಗೋಡೆ ಬಿದ್ದದ್ದಂತೂ ಅವರ ಪಾಲಿಗೆ ಡ್ರಿಲ್ ಪೀರಿಯಡ್ಡಿನ ಮಹಿಮೆ. "ಏಳು ದಿನ ಪರೇಡ್ ಮಾಡಿ ಕೋಟೆ ಕೆಡವ್ದೋರು ಪ್ರಪಂಚದಾಗೆ ಅವ್ರೊಬ್ರೇ ಕಣ್ರಪ್ಪ. ನಿಮ್ಗೆ ಏಳು ನಿಮಿಷ ನೆಟ್ಟಗೆ ನಿಲ್ಲಾಕಾಗಲ್ಲ" ಎಂದು ನಮ್ಮನ್ನು ಹೀಯಾಳಿಸುತ್ತಿದ್ದರು. ಒಮ್ಮೆ ನಮ್ಮನ್ನೆಲ್ಲ ಮಧುಗಿರಿ ಬೆಟ್ಟದ ಅರ್ಧಕ್ಕೆ ಹತ್ತಿಸಿ, ಏದುಸಿರು ಬಿಡುತ್ತಿದ್ದವರನ್ನು ಬಂಡೆಯ ಮೇಲೆ ಕೂರಿಸಿ, ಉಪ್ಪಿನ ಸಮುದ್ರದ ದಡದ ಇಂಥದೇ ಬಂಡೆಗೋಟೆಯಲ್ಲಿ ಯೆಹೂದ್ಯರು ರೋಮ್ ದಂಡಿಗೆ ಸೋಲೊಪ್ಪದೆ ಕೊನೆಯವರೆಗೂ ನಿಂತು ಸತ್ತದ್ದನ್ನು ಹೇಳಿದರು. ಒಂದು ಗುಟುಕು ನೀರು ಕುಡಿದವರೇ ಯೆಹೂದ್ಯರು ಅರವತ್ತೇಳನೇ ಇಸವಿಯಲ್ಲಿ ಗೆದ್ದ ಆರು ದಿನದ ಯುದ್ಧಕ್ಕೆ ಹಾರಿದರು. ಮಧ್ಯದ ಎರಡು ಸಾವಿರ ವರ್ಷ ಅವರ ಲೆಕ್ಕದಲ್ಲಿ ಬರೀ ಇಂಟರ್‌ವೆಲ್ಲು.

ಅವರ ನಂಬಿಕೆ ಸರಳವಾಗಿತ್ತು. ಯೆಹೂದ್ಯರ ಆ ದೇಶದಲ್ಲಿ ನಡೆಯುವ ಒಂದೊಂದು ಯುದ್ಧವೂ ದೇವರ ಗಡಿಯಾರದ ಮುಳ್ಳು. ಪ್ರವಾದಿಗಳು ಹೇಳಿದ ಕೊನೆಯ ಮಹಾಯುದ್ಧ ಬಂದಾಗ ಕರ್ತನು ಇಳಿದು ಬರುತ್ತಾನೆ, ಮಣ್ಣಲ್ಲಿ ಮಲಗಿದವರೆಲ್ಲ ಎದ್ದು ನಿಲ್ಲುತ್ತಾರೆ. ಆದ್ದರಿಂದ ಬಹಳ ದಿನ ಬಾಳುವಂಥ ಯಾವ ಕೆಲಸವನ್ನೂ ಅವರು ಮಾಡುತ್ತಿರಲಿಲ್ಲ. ಹಿತ್ತಲಲ್ಲಿ ಒಂದು ತೆಂಗಿನ ಸಸಿ ನೆಡಲಿಲ್ಲ. ಕಟ್ಟಿದ ಮನೆಗೆ ಗಿಲಾವು ಮಾಡಿಸಲಿಲ್ಲ, ಇಟ್ಟಿಗೆ ಹಲ್ಲು ಕಿರಿದುಕೊಂಡೇ ಇದ್ದವು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದೆವು. ಮಕ್ಕಳಿಲ್ಲದ ಆ ಮನೆಯಲ್ಲಿ ಮೇಷ್ಟ್ರಿಗೆ ಎದುರು ಮಾತಾಡುತ್ತಿದ್ದವರು ಅವರೊಬ್ಬರೇ. "ರೀ, ಸ್ವಾಮಿ ಬಂದು ನೋಡ್ದಾಗ ಗೋಡೆ ಇಂಗೇ ಇದ್ರೆ ನಾಚ್ಕೆ ಆಗಲ್ವಾ ನಿಮ್ಗೆ?" ಎಂದು ಕೇಳಿ, ಕಿಸಕ್ಕನೆ ನಕ್ಕು ಒಳಗೆ ಹೋಗುತ್ತಿದ್ದರು.

ಪಕ್ಕದ ಮನೆಯಲ್ಲಿ ಶಿರಾದಿಂದ ಬಂದು ನೆಲೆಸಿದ ವೆಲ್ಡಿಂಗ್ ಸಾಬರು. ಸಂಜೆ ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಟೀವಿಯಲ್ಲಿ ಆ ದೇಶದ ಸುದ್ದಿ ಬಂದ ದಿನ ಮೇಷ್ಟ್ರಿಗೆ ಹುರುಪು, ಸಾಬರಿಗೆ ಸಂಕಟ. ಒಂದು ಸಲ ನಾನಿದ್ದಾಗಲೇ ಸಾಬರು ಲೋಟ ಕೆಳಗಿಟ್ಟು ಹೇಳಿದರು: "ಮೇಷ್ಟ್ರೇ, ನಿಮ್ ಗಡಿಯಾರ ನಡೀಲಿ, ಬ್ಯಾಡ ಅನ್ನಲ್ಲ. ಆ ಮುಳ್ಳಿನ್ ಕೆಳಗೆ ಸಿಕ್ಕಾಕೊಂಡಿರೋರು ಮಕ್ಳು ಕಣ್ರೀ. ಆ ಕಡೇನೂ ಮಕ್ಳೇ, ಈ ಕಡೇನೂ ಮಕ್ಳೇ."

"ಬರೆದಿರೋದು ನಡೀಬೇಕಲ್ಲ ಸಾಬ್ರೇ" ಎಂದರು ಮೇಷ್ಟ್ರು.

ನನಗೆ ಆಗ ಮೇಷ್ಟ್ರ ಮಾತೇ ಸರಿ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ, ಸಾಬರ ಮೇಲೆ ಸಿಟ್ಟೂ ಬಂದಿತ್ತು.

ಈಗ ನನ್ನ ಪಾಪದ ವಿಷಯಕ್ಕೆ ಬರುತ್ತೇನೆ. ನಾನು ಬಡವನಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಇಪ್ಪತ್ತೆರಡು ಮನೆಗಳ ನಮ್ಮ ಚರ್ಚಿನ ಸಭೆಯ ಕಾಗದ ಪತ್ರವೆಲ್ಲ ನನ್ನ ತಲೆಗೇ ಬಂದಿತ್ತು. ಮೇಷ್ಟ್ರು ಸಭೆಯ ಹಿರಿಯರು. ಪಾದ್ರಿ ಅಯ್ಯನವರು ವರ್ಗವಾಗಿ ಬರುತ್ತಾರೆ, ಹೋಗುತ್ತಾರೆ. ಇಲ್ಲೇ ಇರುವವರು ಮೇಷ್ಟ್ರು, ಅವರು ಹೇಳಿದ್ದೇ ಕೊನೆಯ ಮಾತು.

ಚರ್ಚಿನ ಹಿಂದಿನ ನಮ್ಮ ಸಮಾಧಿ ಜಾಗ ಬಿಳಿಯರ ಕಾಲದ್ದು, ಚಿಕ್ಕದು. ಮಧುಗಿರಿಯ ನೆಲ ಕೇಳಬೇಕೆ, ನಾವು ಸಾಲು ನಿಲ್ಲುತ್ತಿದ್ದ ಬಯಲಲ್ಲೂ ಎರಡು ಅಡಿ ಅಗೆದರೆ ಬಂಡೆ ಖಣ್ ಎನ್ನುತ್ತದೆ. ಮಣ್ಣಿದ್ದ ಮೂಲೆಯೆಲ್ಲ ತುಂಬಿಹೋಗಿ, ಹತ್ತು ಹನ್ನೆರಡು ವರ್ಷಗಳ ಹಿಂದೆ ಇನ್ನು ಮೂರು ಗುಂಡಿಗಷ್ಟೇ ಜಾಗ ಉಳಿದಿತ್ತು. ಹಳೆಯ ಗುಂಡಿ ತೆರೆದು ಅದರ ಮೇಲೆಯೇ ಇನ್ನೊಬ್ಬರನ್ನು ಇಡುವುದು ಬೇರೆ ಊರುಗಳಲ್ಲಿ ಉಂಟು. ನಮ್ಮಲ್ಲಿ ಅದನ್ನು ನಿಲ್ಲಿಸಿದವರೂ ಮೇಷ್ಟ್ರೇ. "ಒಬ್ಬರ ಮ್ಯಾಲೊಬ್ಬರು ಮಲಗಿದ್ರೆ ಆವತ್ತು ಹೆಂಗ್ ಏಳ್ತಾರೆ? ಲೈನಾಗಿ ಏಳ್ಬೇಕು" ಎಂದಿದ್ದರು.

ಆ ವರ್ಷ ತಾಲ್ಲೂಕು ಕಚೇರಿಯಲ್ಲಿ ಒಬ್ಬ ಒಳ್ಳೆಯ ಅಧಿಕಾರಿ ಇದ್ದರು. ಬಡವನಹಳ್ಳಿ ರಸ್ತೆಯಲ್ಲಿ ಅರ್ಧ ಎಕರೆ ಸರ್ಕಾರಿ ಜಾಗ ಇದೆ, ಆಳವಾದ ಕೆಂಪು ಮಣ್ಣು, ಒಪ್ಪಿಗೆ ಪತ್ರ ಕೊಟ್ಟು ಮೂರು ತಿಂಗಳೊಳಗೆ ಬೇಲಿ ಹಾಕಿಕೊಳ್ಳಿ, ನಿಮ್ಮವರಿಗೆ ಸಮಾಧಿ ಜಾಗ ಮಾಡಿಕೊಡುತ್ತೇನೆ ಎಂದು ತಾವಾಗಿಯೇ ಹೇಳಿ ಕಳಿಸಿದರು. ಗೇಟು ನಾನೇ ಮಾಡಿಕೊಡ್ತೀನಿ ಎಂದು ವೆಲ್ಡಿಂಗ್ ಸಾಬರೂ ಹೇಳಿದರು. ಆದರೆ ಅದೇ ತಿಂಗಳು ಅಲ್ಲಿ, ಆ ದೇಶದಲ್ಲಿ, ಯುದ್ಧ ಹತ್ತಿಕೊಂಡಿತ್ತು. ಮೇಷ್ಟ್ರು ದಾನಿಯೇಲ, ಯೆಹೆಜ್ಕೇಲ ಪ್ರವಾದಿಗಳ ಪುಸ್ತಕವೆಲ್ಲ ಹರಡಿಕೊಂಡು ಕೂಡಿ ಕಳೆದು, ಇದೇ ಕೊನೆಯದು ಎಂದು ತೀರ್ಮಾನಿಸಿಬಿಟ್ಟಿದ್ದರು.

ಕಮಿಟಿಯಲ್ಲಿ ಎದ್ದು ನಿಂತು ಹೇಳಿದರು: "ಸತ್ತೋರೇ ಎದ್ದು ಬರೋ ಟೈಮ್ನಾಗೆ ಗುಂಡಿಗೆ ಜಾಗ ಕೇಳ್ತಾರಾ ಯಾರಾದ್ರೂವೆ? ಮೂರು ಗುಂಡಿ ಐತಲ್ಲ, ಅಷ್ಟು ಸಾಕು. ಬೇಲಿಗೆ ಓಡಾಡೋ ಶಕ್ತೀನ ಪಾವಗಡದ ಕಡೆ ಹೋಗಿ ಸುವಾರ್ತೆ ಹೇಳಾಕೆ ಹಾಕಾನ."

ಯಾರೂ ಚಕಾರ ಎತ್ತಲಿಲ್ಲ. ಎತ್ತುವುದೆಲ್ಲಿಂದ, ಕೂತವರೆಲ್ಲ ಅವರ ಸೀಟಿಗೆ ಸಾಲು ನಿಂತು ಬೆಳೆದವರೇ. ಅವರು ಹೇಳಿದರು, ನಾನು ಬರೆದೆ: ತಮ್ಮ ಉಪಕಾರಕ್ಕೆ ವಂದನೆಗಳು, ಸದರಿ ಜಾಗ ನಮ್ಮ ಸಭೆಗೆ ಅಗತ್ಯವಿರುವುದಿಲ್ಲ. ಹೊರಗೆ ಬಂದಾಗ ಅಮ್ಮಾವ್ರು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು, "ಕೊಟ್ಟಿದ್ದನ್ನ ಇಸ್ಕೊಂಡಿದ್ರೆ ಏನಾಗ್ತಿತ್ತು ಕಣಮ್ಮ?" ನಾನು ದೊಡ್ಡ ತಿಳಿದವಳ ಹಾಗೆ ನಕ್ಕೆ.

ಪಾವಗಡದ ಕಡೆ ಹೋದದ್ದೂ ಹೌದು. ರಾಯಚರ್ಲು ಸುತ್ತಮುತ್ತಲ ಹಳ್ಳಿಗಳಲ್ಲಿ ಕರಪತ್ರ ಹಂಚಿದೆವು. ಒಬ್ಬ ಅಜ್ಜಿ ಕಾಗದ ತಿರುಗಿಸಿ ಮುರುಗಿಸಿ ನೋಡಿ, ನಿಮ್ಮ ದೇವರು ಯಾವಾಗ ಬರ್ತಾನಪ್ಪ ಎಂದು ತೆಲುಗಿನಲ್ಲಿ ಕೇಳಿದಳು. "ಈ ಏಡಾದೇ ಅವ್ವಾ, ಈ ಏಡಾದೇ" ಎಂದರು ಮೇಷ್ಟ್ರು. ಈ ವರ್ಷವೇ. ಅಷ್ಟು ಖುಷಿಯಾಗಿದ್ದ ಅವರ ಮುಖವನ್ನು ನಾನು ಮತ್ತೆ ನೋಡಲಿಲ್ಲ.

ಎರಡು ತಿಂಗಳೂ ಆಗಲಿಲ್ಲ, ಯುದ್ಧ ನಿಂತಿತು. ಕರ್ತನು ಬರಲಿಲ್ಲ. ಮೂರು ಗುಂಡಿಗಳು ಐದು ವರ್ಷದಲ್ಲಿ ತುಂಬಿದವು. ಆಮೇಲೆ ಅಮ್ಮಾವ್ರ ಕಿಡ್ನಿ ಕೈಕೊಟ್ಟಿತು.

ವಾರಕ್ಕೆರಡು ಸಲ ಡಯಾಲಿಸಿಸ್ಸು. ಒಂದು ದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ಅಮ್ಮಾವ್ರು ಮಲಗಿದಲ್ಲಿಂದಲೇ ಗಂಡನನ್ನು ಕೇಳಿದರು: "ರೀ, ನನ್ನ ಎಲ್ಲಿ ಮಡುಗ್ತೀರಿ?" ಜಗಳದ ದನಿಯಲ್ಲ. ಸಕ್ಕರೆ ಡಬ್ಬಿ ಎಲ್ಲಿಟ್ಟಿರಿ ಎಂದು ಕೇಳಿದಂತೆ ಕೇಳಿದರು.

ಮಾರನೆಯ ಬೆಳಿಗ್ಗೆ ಮೇಷ್ಟ್ರು ನನ್ನನ್ನೂ ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದರು. ಆ ಅಧಿಕಾರಿ ಯಾವಾಗಲೋ ವರ್ಗವಾಗಿದ್ದರು. ಬಡವನಹಳ್ಳಿ ರಸ್ತೆಯ ಅರ್ಧ ಎಕರೆಯಲ್ಲಿ ಕಸ ಬೇರ್ಪಡಿಸುವ ಶೆಡ್ಡು ಎದ್ದಿತ್ತು. ಗುಮಾಸ್ತ ಒಳ್ಳೆಯವನೇ, ಹಳೇ ಫೈಲು ಹುಡುಕಿ ತೆಗೆದು ನಮ್ಮ ಮುಂದಿಟ್ಟ. "ನೀವೇ ಬ್ಯಾಡ ಅಂತ ಬರ್ಕೊಟ್ಟಿದ್ದೀರಲ್ಲ ಸಾರ್. ನೋಡಿ." ಮೇಷ್ಟ್ರು ಕನ್ನಡಕ ಹಾಕಿಕೊಂಡು ಇಡೀ ಪತ್ರ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಷರ ಮುತ್ತಿನಂಗೈತೆ ಕಣಮ್ಮ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಎಂಟು ತಿಂಗಳು ಅಲೆದರು. ಅಲ್ಲಿಗೆ ಹೋಗಿ, ಇಲ್ಲಿಗೆ ಹೋಗಿ, ಕೊರಟಗೆರೆಯಲ್ಲಿ ಯಾರೋ ಇದ್ದಾರಂತೆ, ತುಮಕೂರಲ್ಲಿ ಸಾಹೇಬರನ್ನು ನೋಡಿ. ಹೋದ ಕಡೆಯೆಲ್ಲ ಸಾಬರು ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಜನ್ಮದಲ್ಲಿ ಯಾರಿಗೂ ತಲೆ ಬಾಗಿಸದಿದ್ದ ಮನುಷ್ಯ, ವಯಸ್ಸಿನಲ್ಲಿ ತಮ್ಮ ಶಿಷ್ಯರಿಗಿಂತ ಚಿಕ್ಕವರ ಮೇಜಿನ ಮುಂದೆ ಕೈ ಮುಗಿದು ನಿಂತರು. ಏನೂ ಆಗಲಿಲ್ಲ. ಅಮ್ಮಾವ್ರು ತೀರಿಕೊಂಡ ದಿನ ಪಾದ್ರಿ ಅಯ್ಯನವರು ಫೋನಿನ ಮೇಲೆ ಫೋನು ಮಾಡಿ, ತುಮಕೂರಿನ ಸಮಾಧಿ ಜಾಗದಲ್ಲಿ ಇದೊಂದು ಸಲಕ್ಕೆ ಎಂದು ಒಪ್ಪಿಸಿದರು. ಯಾರೂ ಗುರುತಿಲ್ಲದವರ ಸಾಲಿನಲ್ಲಿ, ಎರಡು ಸಮಾಧಿಗಳ ನಡುವೆ ಇಕ್ಕಟ್ಟಿನಲ್ಲಿ ಅಮ್ಮಾವ್ರನ್ನು ಇಳಿಸಿದೆವು. ಇಳಿಸುವಾಗ ಮೇಷ್ಟ್ರು "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು.

ಅದಾದ ಮರುವರ್ಷ ಆ ದೇಶದಲ್ಲಿ ಹಿಂದೆಂದೂ ಇಲ್ಲದಂಥ ಯುದ್ಧ ಬಂತು. ಜೀವಮಾನವೆಲ್ಲ ಅವರು ಕಾದಿದ್ದ ಯುದ್ಧ ಇದೇ ಎಂದು ನಮ್ಮವರಿಗೆಲ್ಲ ಖಾತ್ರಿಯಾಯಿತು. ಭಾನುವಾರ ಆರಾಧನೆ ಮುಗಿದ ಮೇಲೆ ನಾಲ್ಕು ಜನ ಅವರನ್ನು ಸುತ್ತುಗಟ್ಟಿ, "ಈಗೇನಂತೀರಿ ಸಾರ್? ಇದೇ ತಾನೆ?" ಎಂದು ಕೇಳಿದರು. ಮೇಷ್ಟ್ರು ಅವರ ಮುಖಗಳನ್ನು ಒಂದೊಂದಾಗಿ ನೋಡಿದರು.

"ಅಷ್ಟೊಂದು ಹೆಣ. ಎಲ್ಲಿ ಮಡುಗ್ತಾರೋ ಪಾಪ" ಎಂದರು. ಅಷ್ಟೇ. ಆಮೇಲೆ ಅವರು ಆ ಸುದ್ದಿ ನೋಡಲಿಲ್ಲ. ಸಂಜೆ ಸಾಬರ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. ಗಿಲಾವು ಮಾಡಿಸಿ ಮೇಷ್ಟ್ರೇ ಎಂದು ಸಾಬರು ಒಮ್ಮೆ ಹೇಳಿದ್ದಕ್ಕೆ, "ಯಾರಿಗೆ?" ಎಂದರಂತೆ.

ಹೋದ ವರ್ಷ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟರು. ಪಾದ್ರಿ ಅಯ್ಯನವರ ಹತ್ತಿರ ಅವರು ತಮ್ಮ ಕೈಯಾರೆ ಬರೆದುಕೊಟ್ಟಿದ್ದ ಚೀಟಿಯೊಂದು ಇತ್ತು. ನನ್ನನ್ನು ಹೂಳಬೇಡಿ, ಸುಡಿ. ಸಭೆಯಲ್ಲಿ ಗಲಾಟೆಯೋ ಗಲಾಟೆ. ಎದ್ದು ಬರುವ ದೇಹವನ್ನು ಸುಡುವುದುಂಟೇ, ಜೀವ ಹೋದರೂ ಆ ಮನುಷ್ಯ ಇಂಥ ಮಾತು ಬರೆಯುವವರಲ್ಲ, ಹೆಂಡತಿ ಸತ್ತ ಮೇಲೆ ತಲೆ ಕೆಟ್ಟಿತ್ತು ಎಂದೆಲ್ಲ ಬಾಯಿಗೆ ಬಂದಂತೆ ಅಂದರು. ಅರ್ಧ ಜನ ಎದ್ದು ಹೋದರು.

ತಲೆ ಕೆಟ್ಟಿರಲಿಲ್ಲ, ನನಗೆ ಗೊತ್ತು. ಸಾಯುವ ನಾಲ್ಕು ತಿಂಗಳ ಮುಂಚೆ ಅವರ ಜೊತೆ ತುಮಕೂರಿಗೆ ಹೋಗಿದ್ದೆ. ತಿಂಗಳಿಗೊಂದು ಸಲ ಬಸ್ಸು ಹಿಡಿದು ಅವರು ಅಮ್ಮಾವ್ರ ಹತ್ತಿರ ಹೋಗಿ ಕೂತು ಬರುತ್ತಿದ್ದರು. ಅಂದು ಬಗ್ಗಿ, ಸಮಾಧಿಯ ಕಾಲ ಕಡೆಗೂ ಕಾಂಪೌಂಡಿಗೂ ನಡುವಿನ ಸಂದಿಯನ್ನು ಗೇಣಿನಲ್ಲಿ ಅಳೆದು ತೋರಿಸಿದರು. ಒಂದೂವರೆ ಗೇಣು. "ಇಲ್ಲಿ ಆಳು ಹಿಡಿಯಲ್ಲ ಕಣಮ್ಮ. ಒಂದು ಕುಡಿಕೆ ಹಿಡೀತದೆ. ಕಾವಲಿನೋನ್ನ ಕೇಳಿದ್ದೀನಿ, ಆಗ್ಲಿ ಅಂದವ್ನೆ" ಎಂದರು. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸಾರ್, ಸುಟ್ಟ ಮೇಲೆ ಏಳುವುದು ಹೇಗೆ, ನೀವೇ ಅಲ್ಲವಾ ನಮಗೆ ಹೇಳಿಕೊಟ್ಟದ್ದು ಎಂದು ತೊದಲಿದೆ.

"ಅವ್ಳು ಎದ್ದು ಹೋಗ್ಲಿ. ಅವ್ಳೇನ್ ತಪ್ಪು ಮಾಡವ್ಳೆ?" ಎಂದರು. "ಅಲ್ಲೀಗಂಟ ಜೊತೇಲಿರ್ತೀನಿ. ನಂಗಷ್ಟು ಸಾಕು ಬುಡು."

ಸುಡುವುದು ಹೇಗೆಂದು ನಮ್ಮವರಲ್ಲಿ ಯಾರಿಗೂ ತಿಳಿಯದು. ಅವರ ಹಳೆಯ ಕಬಡ್ಡಿ ಹುಡುಗರು, ಈಗ ಸುತ್ತಲ ಹಳ್ಳಿಗಳಲ್ಲಿ ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ಗೌಡರು, ಬಂದು ಸೌದೆ ಒಟ್ಟಿದರು. ಮೂರನೆಯ ದಿನ ಬೂದಿ ತುಂಬಿದ ಕುಡಿಕೆಯನ್ನು ನನ್ನ ಕೈಗೆ ಕೊಟ್ಟರು. ಸಾಬರ ಸ್ಕೂಟರಿನ ಹಿಂದೆ ಕೂತು, ಅದನ್ನು ಮಡಿಲಲ್ಲಿಟ್ಟುಕೊಂಡು ತುಮಕೂರಿಗೆ ಹೋದೆ. ಪಾದ್ರಿ ಅಯ್ಯನವರು ಬರಲಿಲ್ಲ, ಬೂದಿಗೆ ಓದುವ ಪ್ರಾರ್ಥನೆ ನಮ್ಮಲ್ಲಿ ಇಲ್ಲವಂತೆ. ಸಾಬರು ಗಡಾರಿಯಲ್ಲಿ ಗುಂಡಿ ತೋಡಿ ಹಿಂದೆ ಸರಿದು ನಿಂತರು. ಕುಡಿಕೆ ಸರಿಯಾಗಿ ಕೂತಿತು. ಮಣ್ಣು ಕೊಡುವಾಗ ನಾವು, ಸತ್ತವರು ಎದ್ದು ಬರುವ ದಿನದ ಮಾತು ಹೇಳಬೇಕು. ಅದು ಅವರೇ ಕಲಿಸಿದ ಮಾತು, ಆದರೆ ಎಷ್ಟು ಪ್ರಯತ್ನಪಟ್ಟರೂ ನನ್ನ ಬಾಯಿಂದ ಹೊರಡಲಿಲ್ಲ. "ಮೇಷ್ಟ್ರೇ, ಜಾಗ ಸಿಕ್ತು" ಎಂದಷ್ಟೇ ಹೇಳಿ ಮಣ್ಣು ಮುಚ್ಚಿದೆ.