ಅವಳ ಚೀಟಿಯಲ್ಲಿ ನಾನ್ನೂರು ಕ್ಯಾಲರಿ ಜಾಸ್ತಿ

ಮಂಡಿನೋವು ತಾಳಲಾರದೆ ಕುಂದಾಪುರದ ಡಾಕ್ಟರ ಬಳಿ ಹೋಗಿದ್ದೆ. ತೂಕ ಇಳಿಸದಿದ್ದರೆ ಇನ್ನು ನಾನು ಕೆಲಸ ಮಾಡುವ ಬ್ಯಾಂಕಿನ ಮೆಟ್ಟಿಲು ಹತ್ತುವುದೂ ಕಷ್ಟ ಎಂದರು. ನಿಧಾನವಾಗಿ ಇಳಿಯಲಿ ಎಂದು ದಿನಕ್ಕೆ ಸಾವಿರದ ನಾನ್ನೂರು ಕ್ಯಾಲರಿಯ ಲೆಕ್ಕ ಬರೆದುಕೊಟ್ಟರು. ಬೆಳಿಗ್ಗೆ ಎರಡೇ ದೋಸೆ!

ಹೊರಗೆ ಔಷಧಿಗೆ ಕಾಯುವಾಗ ಪಕ್ಕದಲ್ಲಿ ಮೀನು ಮಾರುವ ಹೆಂಗಸೊಬ್ಬಳು ಕೂತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು, ನನ್ನದೇ ಗಾತ್ರ. "ಅಕ್ಕಯ್ಯ, ಇದ್ರಗೆ ಎಂತ ಬರ್ದಿರ್, ಕಾಣಿ" ಎಂದು ತನ್ನ ಚೀಟಿ ಕೊಟ್ಟಳು.

ಸಾವಿರದ ಎಂಟ್ನೂರು!

ನಾನು ಎರಡೂ ಚೀಟಿ ಹಿಡಿದು ಸೀದಾ ಒಳಗೆ ನುಗ್ಗಿದೆ. "ಡಾಕ್ಟ್ರೇ, ಅವಳಿಗೆ ನಾನ್ನೂರು ಜಾಸ್ತಿ ಯಾಕೆ?"

"ಅವರು ದಿನವಿಡೀ ಬುಟ್ಟಿ ಹೊತ್ತು ಮನೆಮನೆ ತಿರುಗ್ತಾರೆ. ನೀವು ಕುರ್ಚಿ ಬಿಟ್ಟು ಏಳೋದೇ ಊಟಕ್ಕೆ."

ಚೀಟಿಗಾಗಿ ಹಿಂದೆಯೇ ಬಂದಿದ್ದ ಅವಳು ನಕ್ಕಳು. "ಹ್ವಾಯ್ ಅಕ್ಕಯ್ಯ, ಬೇಕಾರೆ ಚೀಟಿ ಬದ್ಲ್ ಮಾಡ್ಕಂಬ. ಬುಟ್ಟಿಯೂ ನೀವೇ ಹೊರ್ಕ್, ಅಷ್ಟೇ."

ನಾನು ಅವಳದ್ದು ಅವಳಿಗೆ ಕೊಟ್ಟೆ.

ಆರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದೆ, ಮೆಟ್ಟಿಲೂ ಸಲೀಸಾಯಿತು. ಅವಳು ಹನ್ನೊಂದು ಇಳಿದಳಂತೆ, ಅದೂ ದಿನಾ ಬಂಗುಡೆ ಸಾರಿನಲ್ಲಿ ಅನ್ನ ಉಂಡುಕೊಂಡೇ. ಹೊಟ್ಟೆಕಿಚ್ಚಿನಲ್ಲೂ ಕ್ಯಾಲರಿ ಸುಡುವುದಾಗಿದ್ದರೆ ನಾನೇ ಮುಂದಿರುತ್ತಿದ್ದೆ.