ಮೆನ್ಸಾ ಟೀಚರಿಗೆ ತುಂಬಿದ ಉಡಿ

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಪ್ಪ ಧಾರವಾಡದಿಂದ ಅಲ್ಲಿಗೆ ಬಂದ ಆ ವರ್ಷಗಳಲ್ಲಿ ಬೊಬ್ಲಿಂಗೆನ್ನಿನ ನಮ್ಮ ಮನೆ ಗಡಿಯಾರದ ಮುಳ್ಳಿನಂತೆ ನಡೆಯುತ್ತಿತ್ತು. ಆರಕ್ಕೆ ಸ್ನಾನ, ಆರೂವರೆಗೆ ಮಗ್ಗಿ, ಏಳಕ್ಕೆ ಉಪ್ಪಿಟ್ಟು. ಹಿರಿಯ ಮಗಳಾದ ನಾನು ಒಂದು ನಿಮಿಷವೂ ತಪ್ಪುತ್ತಿರಲಿಲ್ಲ. ನಾಲ್ಕನೆಯ ತರಗತಿಯ ಮೆನ್ಸಾ ಟೀಚರ್ ನನಗೆ ಹಿಡಿಸಿದ್ದು ಅದಕ್ಕೇ ಇರಬೇಕು. ಅಂಚಿನ ಗೆರೆ ಸೊಟ್ಟಗಿದ್ದರೆ ಪುಟವನ್ನೇ ಮತ್ತೆ ಬರೆಸುತ್ತಿದ್ದರು. ಅವರ ತಂದೆ ಘಾನಾದವರು. ಇಡೀ ಶಾಲೆಗೆ ಕಪ್ಪು ಶಿಕ್ಷಕಿ ಅವರೊಬ್ಬರೇ. ಕೆಲಸ ಒಂದು ವರ್ಷದ ಕರಾರಿನದು. ಆ ಚಳಿಗಾಲ ನಮ್ಮ ತರಗತಿಯ ಮಕ್ಕಳ ತಾಯಂದಿರಿಬ್ಬರು, ಅವರು ಹೇಗೆ ಪಾಠ ಮಾಡುತ್ತಾರೆಂದು ಪರೀಕ್ಷಿಸಲು, ನೋಟ್‌ಬುಕ್ ಹಿಡಿದು ಹಿಂದಿನ ಸಾಲಿನಲ್ಲಿ ಕೂರತೊಡಗಿದರು. ಅವರ ಪೆನ್ನು ಓಡುವ ಸದ್ದು ನಮಗೂ ಕೇಳಿಸುತ್ತಿತ್ತು.

ಸಂಕ್ರಾಂತಿಗೆ ಅವ್ವ ಟೀಚರನ್ನು ಚಹಾಕ್ಕೆ ಕರೆದಳು. ಮನೆತುಂಬ ಹುರಿದ ಎಳ್ಳಿನ ವಾಸನೆ. ಹೊರಡುವಾಗ ಅಕ್ಕಿ, ಕೊಬ್ಬರಿ, ಕುಬುಸದ ಖಣ, ಮೇಲೊಂದು ಬೆಳ್ಳಿಯ ಕುಂಕುಮದ ಬಟ್ಟಲು ಇಟ್ಟು ಉಡಿ ತುಂಬಲು ಬಂದಳು. ಟೀಚರ್ ಹಿಂದೆ ಸರಿದರು.

"ಬೇಡ, ಶಿಕ್ಷಕರಾದ ನಾವು ಪೋಷಕರಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಅಮ್ಮನಿಗೆ ಹೇಳು" ಎಂದರು ನನಗೆ, ಜರ್ಮನ್ ಭಾಷೆಯಲ್ಲಿ.

"ಏನಂದ್ರವಾ ಅಕ್ಕೋರು?" ಜರ್ಮನ್ ಬಾರದ ಅವ್ವ ಕೇಳಿದಳು.

"ಭಾಳ ಖುಷಿ ಆತಂತ" ಎಂದೆ. ಹಬ್ಬದ ದಿನ ಅವ್ವನ ಮುಖ ಬಾಡುವುದು ನನಗೆ ಬೇಕಿರಲಿಲ್ಲ. ಟೀಚರಿಗೆ, "ಬೇಡವೆಂದರೆ ಅವ್ವ ಅಳುತ್ತಾಳೆ" ಎಂದೆ. ಅವರು ನಿಟ್ಟುಸಿರಿಟ್ಟು ಉಡಿ ಹಿಡಿದರು.

ಮರುದಿನ ಪಕ್ಕದಲ್ಲಿ ಕೂರುವ ಲೇನಾಳ ಹತ್ತಿರ ಎಲ್ಲವನ್ನೂ ಕೊಚ್ಚಿಕೊಂಡೆ.

ಯೂನಿವರ್ಸಿಟಿಯ ದಾರಿಯಾದ ಗಿಮ್ನಾಸಿಯಂಗೆ ಯಾರು ಹೋಗಬಹುದೆಂದು ನಾಲ್ಕನೆಯ ತರಗತಿಯ ಟೀಚರೇ ಪತ್ರ ಕೊಡುವ ಪದ್ಧತಿ. ಕೆಲವು ವಾರಗಳಲ್ಲಿ ನನಗೆ ಪತ್ರ ಬಂತು. ಲೇನಾಗೆ ಬರಲಿಲ್ಲ.

"ನಿಮ್ಮಮ್ಮ ಬೆಳ್ಳಿ ಕೊಟ್ಟಳಲ್ಲ! ನಮ್ಮಮ್ಮ ಹೆಡ್‌ಮಾಸ್ಟರಿಗೆ ಹೇಳಿಯಾಯಿತು" ಎಂದಳು.

ಆ ವಾರವೇ ಟೀಚರ್ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದರು: "ನಾನು ಬೇಡವೆಂದಿದ್ದೆ. ಅದನ್ನೊಂದು ಸಾಲು ಬರೆದುಕೊಡಿ. ಇಲ್ಲದಿದ್ದರೆ ಶಾಲೆಯವರು ನನ್ನನ್ನು ಇಟ್ಟುಕೊಳ್ಳುವುದಿಲ್ಲ."

ಅಪ್ಪ ಅವ್ವನತ್ತ ತಿರುಗಿದ. "ಬ್ಯಾಡ ಅಂದಿದ್ರೇನ?"

"ಇಲ್ರೀ. ಖುಷಿ ಆತಂದ್ರಲ್ಲ!"

ಮೂವರೂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಸುಳ್ಳ ಬರದು ವೀಸಾಕ್ಕ ಕುತ್ತ ತಂದುಕೊಳ್ಳೂದ ಬ್ಯಾಡ" ಎಂದ ಅಪ್ಪ, ಟೀಚರಿಗೆ ಸಾರಿ ಹೇಳಿ ಬಾಗಿಲು ಹಾಕಿದ.

ಈಸ್ಟರ್ ರಜೆ ಮುಗಿದಾಗ ತರಗತಿಯಲ್ಲಿ ಬೇರೊಬ್ಬರಿದ್ದರು.

ಅಪ್ಪನ ವೀಸಾ ಮುಂದುವರಿಯಿತು. ಮೆನ್ಸಾ ಟೀಚರ್ ಕೊಟ್ಟ ಪತ್ರದ ಮೇಲೆಯೇ ನಾನು ಗಿಮ್ನಾಸಿಯಂ ಸೇರಿ ಒಂಬತ್ತು ವರ್ಷ ಓದಿದೆ. ಅಷ್ಟು ವರ್ಷಗಳಲ್ಲಿ ಕಪ್ಪು ಮೈಬಣ್ಣದ ಒಬ್ಬ ಶಿಕ್ಷಕಿಯೂ ನಮಗೆ ಪಾಠ ಹೇಳಲಿಲ್ಲ. ಇದ್ದ ಒಬ್ಬರನ್ನು ಉಳಿಸಿಕೊಳ್ಳಲು ಒಂದು ಮಾತು ಸಾಕಿತ್ತು. ಅದು ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ.